ಮೂರು ಬಾಟಲಿ, ಒಂದೇ ಹೊಳಪು

ನಮ್ಮ ಭಾವ ವಾದಿರಾಜ ಸರ್ಕಾರಿ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಮೂವತ್ತೈದು ವರ್ಷ ಕೆಮಿಸ್ಟ್ ಆಗಿದ್ದವರು. ನಿವೃತ್ತಿಯಾದ ಮೊದಲ ವರ್ಷ ಚಿಕ್ಕಬಾಣಾವರದ ಮನೆಯಲ್ಲೇ ಕೂತು ಮಸಾಲೆ ಡಬ್ಬಿಗಳಿಗೆಲ್ಲ ತಾರೀಕಿನ ಚೀಟಿ ಅಂಟಿಸಿದರು. ಕುಕ್ಕರ್ ಎಷ್ಟು ಸಲ ಕೂಗಬೇಕೆಂದು ಉಪನ್ಯಾಸ ಕೊಟ್ಟರು. ಮಹಡಿಯ ಮನೆಯಲ್ಲಿರುವ ನನಗೇ ಸಾಕುಸಾಕಾಗಿತ್ತು. ಅಕ್ಕ ಪ್ರಭಾಳ ತಾಳ್ಮೆಗೆ ನಾನು ಈಗಲೂ ಕೈ ಮುಗಿಯುತ್ತೇನೆ.

ಆಮೇಲೆ ಪೀಣ್ಯದ ಕೃಪಾ ಎಂಬ ಹುಡುಗಿ ಭಾವನನ್ನು ಕೆಲಸಕ್ಕೆ ಕರೆದಳು. ಅವಳದು ಡಿಶ್‌ವಾಷರ್‌ಗೆ ಹಾಕುವ ರಿನ್ಸ್ ಏಡ್ ಎಂಬ ದ್ರವ ತಯಾರಿಸುವ ಪುಟ್ಟ ಘಟಕ. ಕೊನೆಯ ಸುತ್ತಿನ ನೀರು ಲೋಟದ ಮೇಲೆ ಹನಿಯಾಗಿ ನಿಂತು ಒಣಗಿದರೆ ಬಿಳಿ ಚುಕ್ಕೆ ಉಳಿಯುತ್ತದೆ. ಬೋರ್‌ವೆಲ್ ನೀರಾದರಂತೂ ಕೇಳುವುದೇ ಬೇಡ. ನೀರು ಹನಿಗಟ್ಟದೆ ಜಾರಿಹೋಗುವಂತೆ ಮಾಡುವುದು ರಿನ್ಸ್ ಏಡ್‌ನಲ್ಲಿರುವ ಸರ್ಫ್ಯಾಕ್ಟೆಂಟ್ ಎಂಬ ರಾಸಾಯನಿಕ. ಅದನ್ನು ಒದಗಿಸುತ್ತಿದ್ದವರು ಈ ವರ್ಷ ಇದ್ದಕ್ಕಿದ್ದಂತೆ ನಿಲ್ಲಿಸಿಬಿಟ್ಟರು. ಬದಲಿಗೆ ಬೇರೆ ಬೇರೆ ಕಡೆಯಿಂದ ಮೂರು ಮಾದರಿ ಬಂದವು. ಒಂದನ್ನು ಆರಿಸುವ ಹೊಣೆ ಭಾವನದು. ವೈಟ್‌ಫೀಲ್ಡಿನ ದೊಡ್ಡ ಕ್ಯಾಂಟೀನೊಂದು ಘಟಕದ ಮುಖ್ಯ ಗಿರಾಕಿ. ಅದು ಕೈತಪ್ಪಿದರೆ ಘಟಕ ಮುಚ್ಚುತ್ತದೆ, ಭಾವ ಮತ್ತೆ ಮನೆಗೆ ಬರುತ್ತಾರೆ. ತಮಾಷೆಗೆ ಹೇಳುತ್ತಿಲ್ಲ, ಆ ಕೆಲಸ ಸಿಕ್ಕ ಮೇಲೆಯೇ ಅವರ ಮುಖದಲ್ಲಿ ಗೆಲುವು ಬಂದಿತ್ತು.

“ನಿಜವಾದ ಪರೀಕ್ಷೆ ನಿಜವಾದ ಅಡುಗೆಮನೇಲೇ ಆಗ್ಬೇಕಮ್ಮ,” ಎಂದು ಕೃಪಾಳಿಗೆ ಹೇಳಿ ಭಾವ ಘಟಕದ ಡಿಶ್‌ವಾಷರನ್ನೇ ಮನೆಗೆ ಹೊರಿಸಿಕೊಂಡು ಬಂದರು. ಅಡುಗೆಮನೆಯ ಹಿಂದಿನ ಯುಟಿಲಿಟಿಯಲ್ಲಿ ಅದರ ಪ್ರತಿಷ್ಠಾಪನೆಯಾಯಿತು. ಆರು ಗಾಜಿನ ಲೋಟ ಬಂದವು. ಒಂದೊಂದು ಮಾದರಿ ಬೆರೆಸಿದ ರಿನ್ಸ್ ಏಡ್ ಒಂದೊಂದು ಬಾಟಲಿಯಲ್ಲಿ, ಬಾಟಲಿಗೊಂದು ವಾರ. ತಿಂಡಿಯಾದ ಮೇಲೆ ಮಷಿನ್ ಹಾಕಿ ಪೀಣ್ಯಕ್ಕೆ ಹೋಗುವುದು, ಸಂಜೆ ಬಂದು ಒಳಗೆ ಜೋಡಿಸಿಟ್ಟ ಲೋಟಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ ಅಂಕ ಹಾಕುವುದು. ಮೂರು ಬಾಟಲಿಗೂ ಹತ್ತಕ್ಕೆ ಹತ್ತು ಬಂತು. ಎಲ್ಲವೂ ಒಂದೇ ಎಂದಮೇಲೆ, ಬೇಗ ಸಿಗುವ ಮೂರನೆಯದನ್ನೇ ಆರಿಸಿದರು.

ಕ್ಯಾಂಟೀನಿನಲ್ಲಿ ಮಷಿನ್ನಿನ ಬಾಗಿಲಿನಡಿಯಿಂದ ನೊರೆ ಉಕ್ಕಿತು. ಇನ್ನೂರು ಲೋಟ ಮಂಕಾಗಿ ಹೊರಬಂದವು. ಅಲ್ಲಿನ ಮ್ಯಾನೇಜರ್ ಒಂದು ವಾರ ಗಡುವು ಕೊಟ್ಟ. ಭಾವ ಮನೆಗೆ ಬಂದು ಕಾಫಿಯನ್ನೂ ಮುಟ್ಟದೆ ಕೂತರು.

“ನಾಳೆಯಿಂದ ಹೋಗಲ್ಲ. ನಂಗೆ ವಯಸ್ಸಾಯ್ತು,” ಎಂದರು. ಅವತ್ತು ನನಗೂ ಅವರನ್ನು ರೇಗಿಸಲು ಮನಸ್ಸು ಬರಲಿಲ್ಲ.

ಆಮೇಲೆ ಅಕ್ಕನ ಕಡೆ ತಿರುಗಿ ಗೊಣಗಿದರು. “ಮನೇಲಿ ಅಷ್ಟು ಚೆನ್ನಾಗಿ ಹೊಳೀತಿತ್ತಲ್ಲ ಪ್ರಭಾ!”

“ಹೊಳೀದೆ ಏನ್ರೀ? ದಿನಾ ನಲ್ಲಿ ಕೆಳಗೆ ಹಿಡಿದು, ಮಡಿ ಬಟ್ಟೇಲಿ ಒರೆಸಿ ಇಡ್ತಿದ್ನಲ್ಲ,” ಎಂದಳು ಅಕ್ಕ.

ಹೊರಗೆ ತೊಳೆದ ಪಾತ್ರೆಯನ್ನು, ತೊಳೆದವರು ಯಾರೇ ಆಗಲಿ, ಇನ್ನೊಮ್ಮೆ ನೀರು ಹಾಕದೆ ಅಡುಗೆಮನೆಗೆ ತರುವುದು ನಮ್ಮ ಮನೆಗಳಲ್ಲಿಲ್ಲ. ಮಷಿನ್ನಿಗೂ ಅಕ್ಕ ವಿನಾಯಿತಿ ಕೊಟ್ಟಿರಲಿಲ್ಲ. ಅದೇ ಪದ್ಧತಿಯಲ್ಲಿ ಬೆಳೆದ ಕೆಮಿಸ್ಟರಿಗೆ ಮೂರು ವಾರ ಅದು ನೆನಪೇ ಆಗಿರಲಿಲ್ಲ.

“ಪರೀಕ್ಷೆನೇ ಹಾಳು ಮಾಡಿದ್ಯಲ್ಲೇ!” ಭಾವ ಕೂಗಾಡಿದರು.

“ಕೇಳಿದ್ರೆ ಹೇಳ್ತಿದ್ದೆ. ಮೊದಲನೇ ವಾರ ಲೋಟದ ತುಂಬ ಚುಕ್ಕೆ, ಒರೆಸಿ ಒರೆಸಿ ಕೈ ನೋವು ಬಂತು. ಮೂರನೇದು ಬರೀ ನೊರೆ, ನೆಲ ಒರೆಸಿದ್ದೂ ನಾನೇ. ಎರಡನೇ ವಾರ ಒರೆಸೋಕೆ ಏನೂ ಇರ್ಲಿಲ್ಲ, ಶಾಸ್ತ್ರಕ್ಕೆ ನೀರು ಹಾಕ್ತಿದ್ದೆ ಅಷ್ಟೆ.”

ಭಾವ ತಾವು ಹಾಕಿದ್ದ ಅಂಕಗಳನ್ನೆಲ್ಲ ಹೊಡೆದುಹಾಕಿದರು. ಮರುದಿನ ಎರಡನೆಯ ಬಾಟಲಿ ಹಿಡಿದು ಪೀಣ್ಯಕ್ಕೆ ಹೋದರು.

ಆ ವಾರ ಮುಗಿಯುವ ಮೊದಲೇ ಕೃಪಾಳ ಫೋನ್ ಬಂತು. ಸ್ಪೀಕರ್‌ನಲ್ಲಿ ಎಲ್ಲರಿಗೂ ಕೇಳಿಸಿತು. “ಸಾರ್, ಕ್ಯಾಂಟೀನ್‌ನೋರು ಓಕೆ ಅಂದ್ರು! ನಿಮ್ಮ ಅನುಭವ ಅಂದ್ರೆ ಅನುಭವ ಸಾರ್.”

ಭಾವ ಅಡುಗೆಮನೆಯ ಕಡೆ ನೋಡಿದರು. “ನಾನು ಆರಿಸಿದ್ದು ತಪ್ಪಾಗಿತ್ತಮ್ಮ. ಇದನ್ನ ಆರಿಸಿದ್ದು ನಮ್ಮ ಪ್ರಭಾ.”

ಒಳಗೆ ನಲ್ಲಿ ನಿಂತಿತು. ಮದುವೆಯಾಗಿ ಮೂವತ್ತಾರು ವರ್ಷಕ್ಕೆ ಆ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು. ನನಗೇ ಕಣ್ಣು ತುಂಬಿಬಂತು. ಅಕ್ಕ ಕೈ ಒರೆಸಿಕೊಳ್ಳುತ್ತಾ ಬಂದು ಫೋನಿನತ್ತ ಬಾಗಿದಳು.

“ನಾಲ್ಕನೇದು ಇದ್ರೆ ಕಳ್ಸಮ್ಮ ಕೃಪಾ. ಎರಡನೇದು ಪರವಾಗಿಲ್ಲ, ಆದ್ರೆ ಒಂಚೂರು ವಾಸನೆ ಇದೆ.”

ಭಾವ ಬರೆದುಕೊಳ್ಳಲು ಪೆನ್ನು ಹುಡುಕತೊಡಗಿದರು.