ಗುರುಶಾಂತಪ್ಪನ ಬ್ರೇಕ್ ಸಿನಿಮಾ

ಹುಮನಾಬಾದಿನ ಹೆದ್ದಾರಿ ಪಕ್ಕದ ವೈಜನಾಥಪ್ಪ ಸಾವಕಾರರ ಲಾರಿ ಗ್ಯಾರೇಜಿನಲ್ಲಿ ಗುರುಶಾಂತಪ್ಪ ಬಹಳ ವರ್ಷ ಸೂಪರ್‌ವೈಸರ್ ಆಗಿದ್ದ. ಅಷ್ಟು ವರ್ಷದಲ್ಲಿ ಅವನ ಬಿಳಿ ಅಂಗಿಗೆ ಒಂದು ಹನಿ ಎಣ್ಣೆ ತಾಗಿದ್ದನ್ನು ಕಂಡವರಿಲ್ಲ. ಇಸ್ತ್ರಿಯ ಗೆರೆ ಎಷ್ಟು ಹರಿತವೆಂದರೆ ಅದರ ಮೇಲೆ ಕೂತ ನೊಣ ಎರಡು ತುಂಡಾಗಿ ಬೀಳುತ್ತಿತ್ತು. ಗ್ರೀಸ್ ಡಬ್ಬಿ ತೆರೆದರೆ ಸಾಕು, ಈ ಮಹಾನುಭಾವ ಪಕ್ಕದೂರು ಚಿಟಗುಪ್ಪದ ಹತ್ತಿರ ಹೋಗಿ ನಿಲ್ಲುತ್ತಿದ್ದ. ಅಲ್ಲಿಂದ "ಕೆಲಸ ನೀಟ್ ಆಗ್ಬೇಕು ನೋಡ್ರಿ" ಎಂದು ಕೂಗುವುದೇ ಅವನ ಮೇಲ್ವಿಚಾರಣೆ.

ಎರಡು ಸಾವಿರದ ಒಂದನೇ ಇಸವಿಯಲ್ಲಿ ಸಾವಕಾರರು ಬಸವಕಲ್ಯಾಣದಲ್ಲಿ ಇನ್ನೊಂದು ಗ್ಯಾರೇಜು ತೆರೆಯಲು ಹೊರಟರು. ಅಲ್ಲಿನ ಮ್ಯಾನೇಜರನಿಗೆ ತಿರುಗುವ ಕುರ್ಚಿ ತರಿಸಿದ್ದಾರೆಂದು ತಿಳಿದಂದಿನಿಂದ ಗುರುಶಾಂತಪ್ಪನಿಗೆ ಊಟ ಸೇರಲಿಲ್ಲ. ಅದೇ ಹೊತ್ತಿಗೆ ಸಾವಕಾರರು ಹೈದರಾಬಾದಿನಿಂದ ಒಂದು ಕಂಪ್ಯೂಟರನ್ನೂ ಮಲ್ಟಿಮೀಡಿಯಾ ಎಂಬ ಹೊಸ ಮಾತನ್ನೂ ಹೊತ್ತು ತಂದರು.

"ಗುರುಶಾಂತಪ್ಪ, ಲಾರಿ ಬ್ರೇಕ್ ಹ್ಯಾಂಗ ಸೆಟ್ ಮಾಡ್ಬೇಕಂತ ಒಂದು ಸೀಡಿ ಮಾಡಸು. ಹೊಸಾ ಮಂದಿ ಅದನ್ನ ನೋಡಿ ಕಲೀಲಿ. ಅವರು ಕಲತರಂದ್ರ ಬಸವಕಲ್ಯಾಣದ ಕುರ್ಚಿ ನಿಂದು."

ಬ್ರೇಕು ಲಾರಿಯ ಒಳಗಿದೆಯೋ ಹೊರಗಿದೆಯೋ ತಿಳಿಯದ ಗುರುಶಾಂತಪ್ಪ ಕೂಡಲೇ ಹೂಂ ಎಂದ. ಮದುವೆ ವಿಡಿಯೋ ತೆಗೆಯುವ ಪಂಡರಿಯನ್ನು ಕರೆಸಿದ. ಪಂಡರಿ ಮದುವೆ ಬಿಟ್ಟು ಬೇರೇನನ್ನೂ ತೆಗೆದವನಲ್ಲ. ಆಹೇರಿಯ ಉಡುಗೊರೆ ಕೊಡುವವರು ಮದುಮಕ್ಕಳ ಮಗ್ಗುಲಿಗೆ ನಿಂತು, ಕ್ಯಾಮೆರಾ ನೋಡಿ, ನಕ್ಕು, ಇಳಿಯಬೇಕು. ಅವನ ವಿದ್ಯೆಯೆಲ್ಲ ಇಷ್ಟೇ.

ಚಿತ್ರೀಕರಣದ ದಿನ ಗುರುಶಾಂತಪ್ಪ ಬಳಿದುಕೊಂಡ ಪೌಡರಿನಲ್ಲಿ ಘಾಟಬೋರಾಳದ ಅರ್ಧ ಮನೆಗಳಿಗೆ ಸುಣ್ಣ ಹೊಡೆಯಬಹುದಿತ್ತು. ಹಿರಿಯ ಮಿಸ್ತ್ರಿ ಅಲ್ಲಾಬಕ್ಷನೂ ಕಡಿಮೆಯವನಲ್ಲ. ಅವನ ಗಡ್ಡದ ಮೆಹಂದಿಯ ಕೆಂಪು ಕಂಡು ಹೆದ್ದಾರಿಯ ಲಾರಿಗಳು ತಾವಾಗಿ ನಿಂತವು. ಅವನು ನಟ್ಟು ತಿರುಗಿಸುವ ಪಾನಾ ಹಿಡಿದು ಗಾಲಿಯ ಕಡೆ ಬಗ್ಗಿದ.

"ಚಾಚಾ, ತಲಿ ಎತ್ರಿ. ಈಕಡೆ ನೋಡ್ರಿ."

"ಬ್ರೇಕ್ ಕೆಳಗ ಅದಲೋ ಪಂಡರಿ."

"ಕೆಳಗ ಕತ್ತಲಿ ಅದ. ಮಾರಿ ಬರಂಗಿಲ್ಲ."

"ಅಂವ ಹೇಳಿದಂಗ ಕೇಳು, ಅಲ್ಲಾಬಕ್ಷ," ಎಂದ ಗುರುಶಾಂತಪ್ಪ. "ಬ್ರೇಕ್ ನೋಡಾಕ ಯಾರು ಬರ್ತಾರ?"

ಸೀಡಿ ತಯಾರಾದ ದಿನ ಸಾವಕಾರರು ಹೊಸದಾಗಿ ಸೇರಿದ ಅಂಬರೀಷ, ಮಾರುತಿ ಇಬ್ಬರನ್ನೂ ಕಂಪ್ಯೂಟರಿನ ಮುಂದೆ ಕೂಡಿಸಿ ಅದನ್ನು ಹಾಕಿಸಿದರು. ಶಹನಾಯಿ ಮೊಳಗಿತು. ಅರಳಿದ ಕಮಲದೊಳಗಿಂದ ಗುರುಶಾಂತಪ್ಪ ಮೂಡಿ ಬಂದ. ಅವನ ಹೆಂಡತಿ ಸಂಗಮ್ಮ ಲಾರಿಗೆ ಆರತಿ ಎತ್ತಿದಳು. ಆಮೇಲೆ ಮಿಸ್ತ್ರಿಗಳು ಒಬ್ಬೊಬ್ಬರಾಗಿ ಬಂದು, ಗಾಲಿಯ ಪಕ್ಕ ಪಾನಾ ಹಿಡಿದು ನಿಂತು, ನಕ್ಕು, ಹೋದರು. ಪ್ರತಿಯೊಬ್ಬರ ಮಗ್ಗುಲಲ್ಲೂ ಮದುಮಗನ ಹಾಗೆ ಗುರುಶಾಂತಪ್ಪ.

"ಬ್ರೇಕ್ ಎಲ್ಲಿ ಅದ?" ಎಂದರು ಸಾವಕಾರರು.

"ಮುಂದ ಬರ್ತದ್ರಿ, ಸಾವ್ಕಾರ್ರ."

ಮುಂದೆ ಬಂದದ್ದು ಗುಲಾಬಿ ಹೂವಿನ ಮಳೆ, ಅದರ ಮೇಲೆ "ಶುಭಂ".

ಸಾವಕಾರರ ಮುಖ ಹುರಿದ ತೊಗರಿಯ ಹಾಗಾಯಿತು. ಆದರೂ ಕೊಟ್ಟ ಮಾತು ಮಾತೇ ಎಂದು, ಇಬ್ಬರನ್ನೂ ಅಂಗಳದ ಲಾರಿಯ ಹತ್ತಿರ ಕಳಿಸಿ, "ಕಲತದ್ದು ಮಾಡಿ ತೋರಸ್ರಿ" ಎಂದರು. ಅಂಬರೀಷ ಗಾಲಿಯ ಈಚೆ ನಿಂತ, ಮಾರುತಿ ಆಚೆ. ಇಬ್ಬರೂ ಪಾನಾ ಎದೆಗೆ ಹಿಡಿದು, ಸಾವಕಾರರನ್ನೇ ದಿಟ್ಟಿಸಿ, ಚಂದಾಗಿ ನಕ್ಕರು.

"ಏನು ಮಾಡಾಕತ್ತೀರೋ?"

"ಬ್ರೇಕ್ ಸೆಟ್ ಮಾಡಾಕತ್ತೇವ್ರಿ. ಸೀಡಿದಾಗ ಹಿಂಗೇ ಅದಲ್ರಿ."

ಆ ಹೊತ್ತಿಗೆ ಬಸವಕಲ್ಯಾಣದ ಕುರ್ಚಿ ಗುರುಶಾಂತಪ್ಪನಿಗೆ ಬೆನ್ನು ತಿರುಗಿಸಿತು. ಸಾವಕಾರರು ಕೂಗಾಡಲಿಲ್ಲ. "ನಾಳಿಯಿಂದ ಇವರ ಜೋಡಿ ನೀನೂ ಅಲ್ಲಾಬಕ್ಷನ ಕಡೆ ಕಲಿ" ಎಂದು ಎದ್ದು ಹೋದರು.

ಮರುದಿನವೂ ಅವನು ಇಸ್ತ್ರಿಯ ಬಿಳಿ ಅಂಗಿಯಲ್ಲೇ ಬಂದ. ಪೇಪರ್ ಹಾಸಿಕೊಂಡು ಲಾರಿಯ ಕೆಳಗೆ ಮಲಗಿ, ಪಾನಾ ಹಿಡಿದು, ಬೆಳಕಿರುವ ಕಡೆಗೆ ಮುಖ ಮಾಡಿದ. ಅಲ್ಲಾಬಕ್ಷ ಅವನ ಗದ್ದ ಹಿಡಿದು ಮೆಲ್ಲಗೆ ತಿರುಗಿಸಿದ.

"ಮಾರಿ ಈಕಡೆ ಮಾಡ್ರಿ, ಸಾಬ್. ಪಂಡರಿ ಬಂದಿಲ್ಲ. ಬ್ರೇಕ್ ಇಲ್ಲಿ ಅದ."