ನೂರ ಎಂಬತ್ತು ದಿನಗಳ ಒಳಗೆ

ಅಶ್ಮಿತಾ ತನ್ನ ಹಾಯಿದೋಣಿಯಲ್ಲಿ ಅಬುಧಾಬಿ ಬಿಟ್ಟದ್ದು ನವೆಂಬರ್ ನಾಲ್ಕಕ್ಕೆ. ವಿಮಾನದಲ್ಲಿ ಮರಳಿದ್ದು ಏಪ್ರಿಲ್ ಹದಿನೈದಕ್ಕೆ. ಮೂಗಿನ ಮೇಲಿನ ಚರ್ಮ ಸುಲಿದಿತ್ತು, ಅಂಗೈ ಒರಟಾಗಿತ್ತು. ದೋಣಿ ಶ್ರೀಲಂಕಾದ ಗಾಲೆಯಲ್ಲಿ, ಮರದ ಆಸರೆಗಳ ಮೇಲೆ, ನೆಲದಲ್ಲಿ ನಿಂತಿತ್ತು. ಎರಡು ದಿನ ಕಳೆದು ಆಕೆ ಖಾಲಿದಿಯಾ ಬಡಾವಣೆಯ ತನ್ನ ಆಸ್ಪತ್ರೆಗೆ ಹೋಗಿ, ಮಂಡಿ ಆಪರೇಷನ್ ಆದವರನ್ನು ನಡೆಸಿ ಅಭ್ಯಾಸ ಮಾಡಿಸುವ ಕೆಲಸಕ್ಕೆ ಮತ್ತೆ ನಿಂತಳು.

ಅವಳಿಗೆ ಮೂವತ್ತೆಂಟು. ಹುಟ್ಟಿದ್ದು ಬೆಳೆದದ್ದು ಅಬುಧಾಬಿಯಲ್ಲೇ, ಎಲೆಕ್ಟ್ರಾ ಸ್ಟ್ರೀಟಿನ ಹಿಂದಿನ ಫ್ಲ್ಯಾಟಿನಲ್ಲಿ. ಅಪ್ಪ ಕೃಷ್ಣಪ್ಪ ಹೆಜಮಾಡಿಯ ಮೊಗವೀರರು. ಮೂವತ್ತನಾಲ್ಕು ವರ್ಷ ಇಲ್ಲಿನ ಬಂದರಿನಲ್ಲಿ ಪೈಲಟ್ ಬೋಟ್ ನಡೆಸಿದವರು. ಒಳಗೆ ಬರುವ ದೊಡ್ಡ ಹಡಗುಗಳಿಗೆ ದಾರಿ ತೋರಿಸುವ ಪೈಲಟ್‌ರನ್ನು ಹಡಗಿನ ತನಕ ಮುಟ್ಟಿಸಿ ಬರುವುದು ಅವರ ಕೆಲಸವಾಗಿತ್ತು. ಮಗಳು ಹಾಯಿ ಕಟ್ಟಲು ಕಲಿತದ್ದು ಮೂವತ್ತೊಂದರಲ್ಲಿ. ಊರು ಬಿಟ್ಟು ಹೊರಟಿದ್ದ ಒಬ್ಬ ಶಾಲಾ ಮೇಷ್ಟ್ರಿಂದ ಹಳೆಯ ದೋಣಿ ಕೊಂಡು, ಐದು ವರ್ಷ ರಿಪೇರಿ ಮಾಡಿ, ‘ಬೊಲ್ಪು’ ಎಂದು ಹೆಸರಿಟ್ಟಳು. ತುಳುವಿನಲ್ಲಿ ಬೆಳಕು ಎಂದರ್ಥ. ಹೋದಷ್ಟು ದೂರ ಹೋಗುವುದು ಅವಳ ಯೋಚನೆ. ಮಸ್ಕತ್ ದಾಟಿ, ಅರಬ್ಬಿ ಸಮುದ್ರ ಹಾದು, ಮಾಲ್ಡೀವ್ಸ್ ಮುಟ್ಟಿ, ಗಾಲೆ ಸೇರುವಷ್ಟರಲ್ಲಿ ಐದು ತಿಂಗಳು ಕಳೆದಿತ್ತು.

ಕೃಷ್ಣಪ್ಪನವರು ಈ ಪ್ರಯಾಣದ ಬಗ್ಗೆ ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ. ಹೊರಡುವ ದಿನ ದೋಣಿ ನಿಲ್ಲುವ ಮರೀನಾಕ್ಕೂ ಬಂದಿರಲಿಲ್ಲ. ಮರಳಿ ಬಂದಾಗ ಚೀಲ ಎತ್ತಿ ಒಳಗಿಟ್ಟು, ಊಟವಾಯಿತೇ ಎಂದು ಕೇಳಿ ಟೀವಿಯ ಮುಂದೆ ಕೂತರು. ಭಜನೆಗೆ ಸೇರುವ ಗೆಳೆಯರು ವಿಚಾರಿಸಿದರೆ, ಅವಳಿಗೆ ಸಾಕಾಯಿತು, ಹೆದರಿ ಬಂದಳು ಎನ್ನುತ್ತಿದ್ದರು. ಅಶ್ಮಿತಾಳ ಕಿವಿಗೂ ಅದು ಬಿತ್ತು. ಅವಳು ತಿದ್ದಲು ಹೋಗಲಿಲ್ಲ.

ನೆಲದ ಬದುಕಿಗೆ ಒಗ್ಗಿಕೊಳ್ಳುವುದೇ ಅವಳಿಗೆ ಸಾಕಷ್ಟು ಕೆಲಸವಾಗಿತ್ತು. ಒಬ್ಬಳೇ ದೋಣಿ ನಡೆಸುವಾಗ ಇಪ್ಪತ್ತು ಇಪ್ಪತ್ತು ನಿಮಿಷಕ್ಕೆ ಎದ್ದು ಸುತ್ತ ನೋಡಬೇಕಿತ್ತು. ಈಗಲೂ ಹಾಗೇ ಎಚ್ಚರವಾಗುತ್ತಿತ್ತು. ಶನಿವಾರ ಮಧ್ಯಾಹ್ನ ಸೋಫಾದಲ್ಲಿ ಕಣ್ಣು ಮುಚ್ಚಿದವಳು ತಟ್ಟನೆ ಎದ್ದು ಕಿಟಕಿಗೆ ಹೋಗಿ ಎಡ ಬಲ ನೋಡಿ ಬಂದು ಮಲಗುವುದನ್ನು ಅಮ್ಮ ಸ್ವರ್ಣಲತಾ ಕಂಡು, ಕೆಳಗೆ ಯಾವ ಹಡಗೂ ಇಲ್ಲ, ಟ್ಯಾಕ್ಸಿ ಮಾತ್ರ ಇರುವುದು ಎಂದು ನಕ್ಕರು. ತಿಂಗಳು ಕಳೆಯುವಾಗ ನಿದ್ದೆ ಸರಿಯಾಯಿತು. ಆಸ್ಪತ್ರೆಯಲ್ಲಿ ರಜೆಯ ಮಾತು ಮೊದಲೇ ಆಗಿತ್ತು: ವರ್ಷದ ಕೊನೆಯವರೆಗೆ ದುಡಿದರೆ ಜನವರಿಯಿಂದ ಮತ್ತೆ ಸಂಬಳವಿಲ್ಲದ ರಜೆ.

ಜೂನ್‌ನಲ್ಲಿ ಕೃಷ್ಣಪ್ಪನವರ ವೀಸಾ ನವೀಕರಿಸಬೇಕಾಗಿ ಬಂತು. ನಿವೃತ್ತರಾದ ಮೇಲೆ ಗಂಡ ಹೆಂಡತಿ ಇಬ್ಬರೂ ಮಗಳ ವೀಸಾದ ಆಧಾರದಲ್ಲೇ ಇಲ್ಲಿ ಉಳಿದಿದ್ದರು. ಅರ್ಜಿ ತುಂಬಿಸಲು ಅವರು ಪರಿಚಯದ ಟೈಪಿಂಗ್ ಸೆಂಟರಿಗೆ ಹೋದರು. ಅಲ್ಲಿ ಕೂರುವ ಅಲಿಯಬ್ಬ ಉಳ್ಳಾಲದ ಬ್ಯಾರಿ. ಮಗಳ ಪಾಸ್‌ಪೋರ್ಟಿನ ಪ್ರತಿ ತಿರುವುತ್ತಾ ಬೆರಳು ಮಡಚಿ ದಿನ ಎಣಿಸಿ, ತಲೆ ಅಲ್ಲಾಡಿಸಿದರು.

“ಕೃಷ್ಣಪ್ಪಣ್ಣ, ನಿಮ್ಮ ಮಗಳು ಲೆಕ್ಕ ಇಟ್ಟುಕೊಂಡೇ ಬಂದದ್ದು. ನೂರ ಎಂಬತ್ತು ದಿನ ಹೊರಗೆ ಉಳಿದಿದ್ರೆ ಅವಳ ವೀಸಾ ಖಲಾಸ್. ಅದರೊಟ್ಟಿಗೆ ನಿಮ್ಮಿಬ್ಬರದ್ದೂ ಹೋಗ್ತಿತ್ತು.”

ಕೃಷ್ಣಪ್ಪನವರಿಗೆ ಈ ನಿಯಮ ಗೊತ್ತಿರಲಿಲ್ಲವೆಂದಲ್ಲ. ಅದನ್ನೂ ಮಗಳ ದೋಣಿಯನ್ನೂ ಅವರು ಜೋಡಿಸಿ ನೋಡಿರಲಿಲ್ಲ, ಅಷ್ಟೆ. ರಶೀದಿ ತೆಗೆದುಕೊಂಡು, ಬಿಸಿಲಲ್ಲಿ ಮೂರು ಬಸ್ ಸ್ಟಾಪ್ ದೂರ ನಡೆದೇ ಮನೆಗೆ ಬಂದರು. ನಾವು ಹೆಜಮಾಡಿಗೆ ಹೋಗಿಬಿಡೋಣ, ಅವಳಿಗೆ ಬಿಡುಗಡೆಯಾಗಲಿ ಎಂದು ಹೆಂಡತಿಗೆ ಹೇಳಿದರು. ಸ್ವರ್ಣಲತಾ ಬೇಳೆ ತೊಳೆಯುವುದನ್ನು ನಿಲ್ಲಿಸಲಿಲ್ಲ. ನಲವತ್ತು ವರ್ಷದಿಂದ ತನ್ನ ಜನ ಇರುವುದು ಈ ಬೀದಿಯಲ್ಲಿ, ಬೇಕಾದರೆ ನೀವು ಹೋಗಿ ಎಂದರು. ಮಗಳನ್ನು ಕೇಳದೆ ಮಗಳಿಗೆ ಉಪಕಾರ ಮಾಡಲು ಹೊರಡಬೇಡಿ ಎಂದೂ ಸೇರಿಸಿದರು.

ಆ ಭಾನುವಾರ ಕೃಷ್ಣಪ್ಪನವರು ಮಗಳನ್ನು ಕಡಲಂಚಿನ ಕಾರ್ನಿಶ್ ರಸ್ತೆಗೆ ನಡೆಯಲು ಕರೆದರು. ಅವರು ಹಾಗೆ ಕರೆದದ್ದು ಎಷ್ಟೋ ವರ್ಷದ ನಂತರ. ನೀರಿನಂಚಿನ ಕಟ್ಟೆಯ ಮೇಲೆ ಕೂತು ಕೇಳಿದರು.

“ನಮ್ಮ ವೀಸಾಕ್ಕೋಸ್ಕರ ನೀನು ದೋಣಿ ಬಿಟ್ಟು ಬಂದದ್ದಾ, ಮಗಾ?”

ಅಶ್ಮಿತಾ ಸುಳ್ಳು ಹೇಳಬಹುದಿತ್ತು. “ಹೌದು ಪಪ್ಪ. ಆದ್ರೆ ಅಷ್ಟೇ ಅಲ್ಲ. ಮಾಲ್ಡೀವ್ಸ್ ದಾಟಿದ ಮೇಲೆ ನಂಗೆ ತುಂಬಾ ಆಯಾಸ ಆಗಿತ್ತು. ವಾಪಸ್ ಬರ್ಲಿಕ್ಕೆ ಒಂದು ತಾರೀಕು ಉಂಟಲ್ಲ ಅಂತ ಸಮಾಧಾನ ಆಗ್ತಿತ್ತು. ಇಲ್ಲದಿದ್ರೆ ಸೋತು ಬಂದೆ ಅನ್ನಿಸ್ತಿತ್ತು.”

ಕೃಷ್ಣಪ್ಪನವರು ಬಂದರಿನ ಕಡೆಗೆ ನೋಡುತ್ತಿದ್ದರು.

“ನಾನು ನಿನ್ನ ಮೇಲೆ ಸಿಟ್ಟಲ್ಲಿ ಇದ್ದೆ ಅಂತ ನೀನು ಎಣಿಸಿರ್ಬೇಕು. ಸಿಟ್ಟಲ್ಲ. ಹೊಟ್ಟೆಕಿಚ್ಚು. ಮೂವತ್ತನಾಲ್ಕು ವರ್ಷ ಬೋಟ್ ಓಡಿಸಿದೆ, ಒಂದು ದಿನವೂ ದಡದ ಕಟ್ಟಡ ಕಾಣದಷ್ಟು ದೂರ ಹೋಗ್ಲಿಲ್ಲ. ಹಡಗಿನವರು ಹೋಗ್ತಿದ್ರು. ನಾನು ತಿರುಗಿಸಿಕೊಂಡು ಬರ್ತಿದ್ದೆ.”

ಅವಳು ಎದ್ದು ಇಬ್ಬರಿಗೂ ಏಲಕ್ಕಿ ಹಾಕಿದ ಕರಕ್ ಚಹಾ ತಂದಳು. ಕುಡಿಯುತ್ತಾ ಅವರು ದೋಣಿಯ ಉದ್ದ, ಹಾಯಿಯ ಬಟ್ಟೆ, ಇಂಜಿನ್ನಿನ ವಯಸ್ಸು ಎಲ್ಲವನ್ನೂ ಒಂದೊಂದಾಗಿ ಕೇಳಿದರು.

ಡಿಸೆಂಬರ್‌ನ ರಾಷ್ಟ್ರೀಯ ದಿನದ ರಜೆಗೆ ಅಶ್ಮಿತಾ ಇನ್ನೊಂದು ವಾರ ಸೇರಿಸಿ, ದೋಣಿಯ ತಳಕ್ಕೆ ಬಣ್ಣ ಹೊಡೆಯಲು ಗಾಲೆಗೆ ಹೊರಟಾಗ ಕೃಷ್ಣಪ್ಪನವರೂ ಜೊತೆಗೆ ಬಂದರು. ಮೊದಲ ದಿನ ಅವರು ಬಣ್ಣದ ಬ್ರಷ್ ಮುಟ್ಟಲಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ದೋಣಿಯ ಮೈಯನ್ನು ತಟ್ಟುತ್ತಾ, ಕಿವಿ ಕೊಡುತ್ತಾ ಸುತ್ತಿದರು. ಹಿಂಬದಿಯ ಚುಕ್ಕಾಣಿಯ ಹಲಗೆಯ ಹತ್ತಿರ ನಿಂತು ಅದನ್ನು ಮತ್ತೆ ಮತ್ತೆ ತಟ್ಟಿದರು. ಸದ್ದು ಮಂದವಾಗಿತ್ತು. ಅದರ ಕೆಳತುದಿಗೆ ಸಣ್ಣ ತೂತು ಕೊರೆದಾಗ ಕಂದು ನೀರು ಸುರಿಯಿತು. ಸೀಳಿ ನೋಡಿದರೆ ಒಳಗಿನ ಕಬ್ಬಿಣದ ಪಟ್ಟಿಗಳು ತುಕ್ಕು ಹಿಡಿದು ಬಿಸ್ಕತ್ತಿನಂತೆ ಪುಡಿಯಾಗುತ್ತಿದ್ದವು. ಅರಬ್ಬಿ ಸಮುದ್ರವನ್ನು ಅಶ್ಮಿತಾ ದಾಟಿದ್ದು ಅದೇ ಚುಕ್ಕಾಣಿಯಲ್ಲಿ.

ರಜೆ ಮುಗಿದು ಅವಳು ಆಸ್ಪತ್ರೆಗೆ ಮರಳಬೇಕಿತ್ತು. ಅಪ್ಪ ಅಲ್ಲೇ ಉಳಿದರು. ಮೂರು ವಾರ, ಭಾಷೆ ಬಾರದ ಸಿಂಹಳ ಬಡಗಿಯೊಬ್ಬನ ಜೊತೆ ಕೈಸನ್ನೆಯಲ್ಲೇ ಮಾತಾಡಿಕೊಂಡು, ಹೊಸ ಚುಕ್ಕಾಣಿ ಮಾಡಿಸಿದರು. ದಿನಕ್ಕೊಂದು ಫೋಟೋ ಬರುತ್ತಿತ್ತು. ಅಶ್ಮಿತಾ ಅದನ್ನು ತನ್ನ ರೋಗಿಗಳಿಗೂ ತೋರಿಸುತ್ತಿದ್ದಳು.

ಜನವರಿಯಲ್ಲಿ ರಜೆ ಸಿಕ್ಕಾಗ ಅಪ್ಪ ಮಗಳು ಮತ್ತೆ ಗಾಲೆಗೆ ಹೋದರು; ತಿಂಗಳ ಕೊನೆಯಲ್ಲಿ ‘ಬೊಲ್ಪು’ ನೀರಿಗಿಳಿಯಿತು. ಮುಂದಿನ ಬಂದರು ಮಲೇಷ್ಯಾದ ಲಂಕಾವಿ. ಅಲ್ಲಿಯವರೆಗೆ ಬರುತ್ತೀರಾ ಎಂದು ಮಗಳು ಕೇಳಿದಳು. ತನಗೆ ಅರವತ್ತೆಂಟು ಎಂದು ಅವರು ನೆನಪಿಸಿದರು. ಸ್ವರ್ಣಲತಾ ಅಬುಧಾಬಿಯಿಂದ ಫೋನಿನಲ್ಲಿ, ಮಾತ್ರೆ ಮರೆಯದಿದ್ದರೆ ಹೋಗಬಹುದು ಎಂದರು.

ದಾಟಲು ಹದಿಮೂರು ದಿನ ಹಿಡಿಯಿತು. ಮೊದಲೆರಡು ದಿನ ಕೃಷ್ಣಪ್ಪನವರು ವಾಂತಿ ಮಾಡಿಕೊಂಡು ಮಲಗಿದ್ದರು. ಮೂರನೆಯ ದಿನ ಗಂಜಿ ಕುಡಿದು ಮೇಲೆ ಬಂದು, ನಾಲ್ಕೂ ದಿಕ್ಕಿಗೆ ನಿಧಾನವಾಗಿ ತಿರುಗಿ ನೋಡಿದರು. ಎಲ್ಲೂ ದಡವಿರಲಿಲ್ಲ. ಆಮೇಲೆ ಮಗಳನ್ನು ಮಲಗಲು ಕಳಿಸಿ, ಚುಕ್ಕಾಣಿ ಹಿಡಿದು ಕೂತರು. ಅವಳು ಆ ದಿನ ಐದು ಗಂಟೆ ಒಂದೇ ಸಮನೆ ನಿದ್ದೆ ಮಾಡಿದಳು.