ವೀರೇಶನ ಗ್ರಾಫಿಕ್ಸ್ ಕಾರ್ಡು ಮತ್ತು ನನ್ನ ಜಡೆ

೨೦೨೨ರ ಬೇಸಿಗೆ. ಮಡಕಶಿರಾದಿಂದ ರಾಯದುರ್ಗಕ್ಕೆ, ಅಕ್ಕನ ಮನೆಗೆ ಹೋಗಿದ್ದೆ. ಹೋದ ಕಾರಣ ಕೇಳಿದರೆ ಯಾರಿಗಾದರೂ ನಗು ಬರಬಹುದು. ಅಕ್ಕನ ಮೈದುನ ವೀರೇಶನ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡು ಬಂದಿತ್ತು. ಅದನ್ನು ಕೂರಿಸಿಕೊಡಲು ನನ್ನನ್ನು ಕರೆದಿದ್ದರು. ಆಟದ ಚಿತ್ರಗಳನ್ನು ಪರದೆಯ ಮೇಲೆ ಮೂಡಿಸುವ ಭಾಗವೇ ಈ ಕಾರ್ಡು. ಅದು ಹಳೆಯದಾದರೆ ಆಟ ತಡವರಿಸುತ್ತದೆ. ನನ್ನದು ಹಳೆಯದಾಗಿ ವರ್ಷಗಳೇ ಕಳೆದಿದ್ದವು. ಹೊಸದು ಬಂದದ್ದು ಮಾತ್ರ ಅವನಿಗೆ.

ನಾನು ಬಿ.ಎಸ್ಸಿ. ಕಂಪ್ಯೂಟರ್ ಓದಿದವಳು. ಹಿಂದೂಪುರದ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ದಿನಕ್ಕೆ ಎಷ್ಟು ಅಂಗಿ ಹೊಲಿದರೆಂದು ಕಂಪ್ಯೂಟರಿಗೆ ತುಂಬುವ ಕೆಲಸ. ಬೆಳಿಗ್ಗೆ ಕಂಪನಿ ಬಸ್ಸು, ಸಂಜೆ ಕಂಪನಿ ಬಸ್ಸು. ಮನೆಗೆ ಬಂದು ಮುಖ ತೊಳೆದು ಆಟಕ್ಕೆ ಕೂರುವುದೊಂದೇ ನನ್ನ ಚಟ. "ನನ್ನ ಮಗಳು ಗಂಡುಡುಗ್ರಂಗೆ ಬಂದೂಕ ಹಿಡ್ಕಂಡು ಕುಂತವ್ಳೆ ನೋಡ್ ಬನ್ನಿ" ಎಂದು ಅಮ್ಮ ಪಕ್ಕದ ಮನೆಯವರನ್ನು ಕರೆದು ತೋರಿಸುತ್ತಿದ್ದಳು. ನನ್ನ ಡೆಸ್ಕ್‌ಟಾಪಿನ ಫ್ಯಾನು ರಾಗಿ ಮಿಲ್ಲಿನ ಹಾಗೆ ಸದ್ದು ಮಾಡುತ್ತಿತ್ತು. ಬಿಸಿಯಾಗದಿರಲೆಂದು ಅದರ ಒಂದು ಪಕ್ಕದ ಮುಚ್ಚಳ ತೆಗೆದು, ಎದುರಿಗೆ ಟೇಬಲ್ ಫ್ಯಾನು ಇಟ್ಟಿದ್ದೆ. ವೀರೇಶನೂ ನಾನೂ ಫೋನಿನಲ್ಲಿ ಮಾತಾಡುತ್ತಾ ಒಂದೇ ಆಟ ಆಡುತ್ತಿದ್ದೆವು. ಸರಿಯಾಗಿ ಗುಂಡು ಹಾರಿಸುವ ಹೊತ್ತಿಗೆ ನನ್ನ ಪರದೆ ನಿಂತುಬಿಡುತ್ತಿತ್ತು. ಮತ್ತೆ ಅಲುಗಾಡುವಷ್ಟರಲ್ಲಿ ನಾನು ಸತ್ತು ಬಿದ್ದಿರುತ್ತಿದ್ದೆ. ಅವನು ರಾಯದುರ್ಗದಲ್ಲಿ ಕೂತು, "ಸುಮಾ ಮೇಡಂ, ಎದ್ದೇಳ್ರಿ, ಬೆಳಗಾತು" ಎನ್ನುತ್ತಿದ್ದ.

ಎರಡು ವರ್ಷ ನಾನು ಅಪ್‌ಗ್ರೇಡ್ ಯೋಚನೆ ಮಾಡಿದ್ದೆ. ಮೊದಲು ಪವರ್ ಸಪ್ಲೈ ಬದಲಿಸಬೇಕು. ಒಳಗೆಲ್ಲ ಕರೆಂಟು ಹಂಚುವ ಆ ಹಳೇ ಭಾಗ ಹೊಸ ಕಾರ್ಡಿನ ಭಾರ ತಡೆಯದು. ಆಮೇಲೆ ಮೆಮೊರಿ, ಕೊನೆಗೆ ಕಾರ್ಡು. ಯಾವ ಕಾರ್ಡು ಎಂದು ಆರಿಸಿಟ್ಟು, ನನ್ನ ಕಂಪ್ಯೂಟರಿನ ಹಳೇ ತಗಡಿನ ಡಬ್ಬದಲ್ಲಿ ಅದರ ಉದ್ದ ಹಿಡಿಯುತ್ತದೆಯೇ ಎಂದು ಸ್ಕೇಲು ಹಿಡಿದು ಅಳೆದಿದ್ದೆ. ಇದೆಲ್ಲವನ್ನೂ ವೀರೇಶನಿಗೆ ಫೋನಿನಲ್ಲಿ ಹೇಳುತ್ತಿದ್ದವಳು ನಾನೇ. ಒಂದು ದಿನ ಅವನು ಒಂದು ಪೆಟ್ಟಿಗೆಯ ಫೋಟೋ ಕಳಿಸಿದ. ನಾನು ಆರಿಸಿಟ್ಟಿದ್ದ ಕಾರ್ಡೇ. ಕೆಳಗೆ, "ಅತ್ತಿಗಿ ಕೊಡಿಸ್ಯಾಳ. ಹಳೇದು ನಿನಗ ಕೊಡ್ತೀನಿ ತಗೋ" ಎಂದು ಬರೆದಿದ್ದ.

ಆ "ಅತ್ತಿಗಿ" ನನ್ನ ಅಕ್ಕ ಗಿರಿಜಾ. ನನಗೆ ಕಂಪ್ಯೂಟರ್ ಕೊಡಿಸಿದವಳೂ ಅವಳೇ. ಮದುವೆಗೆ ಮೊದಲು ಬೆಂಗಳೂರಿನಲ್ಲಿ ನಮ್ಮೂರ ಹುಡುಗಿಯರ ಜೊತೆ ಒಂದೇ ರೂಮಿನಲ್ಲಿದ್ದುಕೊಂಡು, ಜೀನ್ಸ್ ಪ್ಯಾಂಟುಗಳಿಗೆ ಸೊಂಟದ ಪಟ್ಟಿ ಹೊಲಿಯುತ್ತಿದ್ದಳು. ನಾನು ಡಿಗ್ರಿ ಸೇರಿದ ವರ್ಷ ಆ ಡೆಸ್ಕ್‌ಟಾಪನ್ನು ಪರಿಚಯದವರ ಟೆಂಪೋದಲ್ಲಿ ಹಾಕಿ ಕಳಿಸಿದಳು. ಅದು ಮನೆಗೆ ಬಂದ ದಿನ ಅವಳಿಗೆ ರಜೆ ಸಿಕ್ಕಿರಲಿಲ್ಲ. ಆಮೇಲೆ ರಾಯದುರ್ಗಕ್ಕೆ ಮದುವೆಯಾಗಿ ಹೋದಳು. ಭಾವ ಮನೆಯಲ್ಲೇ ಸಣ್ಣ ಜೀನ್ಸ್ ಯೂನಿಟ್ ಇಟ್ಟುಕೊಂಡವರು. ಹೋದ ಆರು ತಿಂಗಳಿಗೇ ಅವಳ ಮಾತು ಬದಲಾಯಿತು. "ಯಾಕೆ" ಹೋಗಿ "ಯಾಕ" ಬಂತು, "ಐತೆ" ಹೋಗಿ "ಐತಿ" ಬಂತು. ಫೋನು ಮಾಡಿದರೆ ವೀರೇಶ ಊಟ ಬಿಟ್ಟ, ವೀರೇಶನಿಗೆ ನೆಗಡಿ, ವೀರೇಶ ಪರೀಕ್ಷೆ ಪಾಸಾದ, ಬರೀ ಇದೇ. ನನ್ನ ಹೊಟ್ಟೆಕಿಚ್ಚು ಕಾರ್ಡಿನಿಂದ ಶುರುವಾದದ್ದಲ್ಲ. ಕಾರ್ಡು ಅದಕ್ಕೊಂದು ಹೆಸರು ಕೊಟ್ಟಿತು, ಅಷ್ಟೇ.

ಅಕ್ಕನೇ ಫೋನು ಮಾಡಿ, "ಅವನಿಗೆ ಕೂರಿಸಾಕ ಬರಂಗಿಲ್ಲಂತ. ನೀನೇ ಬಾ, ಅಮಾಸಿಗೆ ಯೂನಿಟ್ ರಜಾ ಇರ್ತತಿ" ಎಂದಳು. ಪಾವಗಡ, ಕಲ್ಯಾಣದುರ್ಗ ದಾಟಿ ಬಸ್ಸಿನಲ್ಲಿ ಹೋಗುವಾಗ ಇಡೀ ದಾರಿ ಒಂದೇ ಯೋಚನೆ. ನನ್ನ ಕಾರ್ಡನ್ನು ನನ್ನ ಕೈಯಿಂದಲೇ ಅವನ ಡಬ್ಬದಲ್ಲಿ ಕೂರಿಸಲು ಹೊರಟಿದ್ದೇನಲ್ಲ ಎಂದು.

ಮುಂದೆ ನಡೆದದ್ದು ಅರ್ಥವಾಗಬೇಕಾದರೆ ಆ ಬೀದಿಯ ಒಂದು ರೂಢಿ ಹೇಳಬೇಕು. ಅಲ್ಲಿ ಬಹಳ ಮನೆಗಳಲ್ಲಿ ಹೊಲಿಗೆ ಮಷಿನ್ನುಗಳಿವೆ. ಬೀದಿಯ ಕರೆಂಟು ಲೈನಿನಲ್ಲಿ ನ್ಯೂಟ್ರಲ್ ತಂತಿ, ಅಂದರೆ ಬಂದ ಕರೆಂಟು ವಾಪಸು ಹೋಗುವ ತಂತಿ, ಮೊದಲಿನಿಂದಲೂ ದುರ್ಬಲ. ಅದಕ್ಕೆ ಭಾವನೂ ಸೇರಿ ಕೆಲವರು ಹಿತ್ತಲಿನಲ್ಲಿ ಗುಂಡಿ ತೋಡಿ, ಕಬ್ಬಿಣದ ಪೈಪು ಹೂತು, ಇದ್ದಿಲು ಉಪ್ಪು ಸುರಿದು, ಮನೆಯ ನ್ಯೂಟ್ರಲ್ ತಂತಿಯನ್ನು ಆ ಪೈಪಿಗೇ ಕಟ್ಟಿಬಿಟ್ಟಿದ್ದರು. ಕರೆಂಟು ನೆಲದೊಳಗೆ ಹೋಗಲಿ ಎಂದು. ಗುಂಡಿ ಒದ್ದೆಯಾಗಿದ್ದರೆ ಮಾತ್ರ ಇದು ನಡೆಯುತ್ತದೆ. ಹಾಗಾಗಿ ಬೆಳಿಗ್ಗೆ ಹೊಲಿಯಲು ಬರುವ ಹೆಂಗಸರು ಮೊದಲು ಗುಂಡಿಗೆ ಕೊಡ ನೀರು ಸುರಿದು, ಆಮೇಲೆ ಮಷಿನ್ನಿನ ಮುಂದೆ ಕೂರುತ್ತಿದ್ದರು. ಮಧ್ಯಾಹ್ನ ಲೈಟು ಮಂಕಾದರೆ ಯಾರಾದರೂ "ಗುಂಡಿಗೆ ನೀರ ಹಾಕ್ರಿ" ಎಂದು ಕೂಗುವುದು, ಹಾಕಿದ ಕೂಡಲೇ ಬೆಳಕು ಏರುವುದು. ಇದನ್ನು ನಾನೂ ಎಷ್ಟೋ ಸಲ ನೋಡಿದ್ದೆ. ಗಿಡಕ್ಕೆ ನೀರು ಹಾಕಿದಷ್ಟೇ ಸಹಜವಾಗಿ ಕಾಣುತ್ತಿತ್ತು. ಇದರ ಮೇಲೆ ಇನ್ನೊಂದು. ಮಷಿನ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದು ಹೆಂಗಸರು ದೂರಿದ್ದಕ್ಕೆ, ಸಾಕೆಟ್ಟುಗಳ ಮೂರನೇ ತೂತನ್ನೂ, ಅಂದರೆ ಯಂತ್ರದ ಲೋಹದ ಮೈಗೆ ಸೇರುವ ಅರ್ತಿಂಗ್ ತೂತನ್ನೂ, ಅದೇ ತಂತಿಗೆ ಸೇರಿಸಿದ್ದರು. ಗುಂಡಿ ಒದ್ದೆಯಿರುವ ತನಕ ಯಾರಿಗೂ ಏನೂ ಆಗಿರಲಿಲ್ಲ.

ಅಮಾವಾಸ್ಯೆಯ ದಿನ ಹೆಂಗಸರು ಬರಲಿಲ್ಲ. ಬಿಸಿಲು ಕಾದಿತ್ತು. ಗುಂಡಿಗೆ ನೀರು ಬೀಳಲಿಲ್ಲ. ಅದು ಮನೆಯವರು ಮಾಡುವ ಕೆಲಸವೇ ಅಲ್ಲವಾದ್ದರಿಂದ ಯಾರಿಗೂ ನೆನಪಾಗಲಿಲ್ಲ.

ಬೆಳಿಗ್ಗೆ ಅಕ್ಕ ನಡುಮನೆಯನ್ನೆಲ್ಲ ಒರೆಸಿ, ಮಷಿನ್ನುಗಳಿಗೆ ವಿಭೂತಿ ಕುಂಕುಮ ಹಚ್ಚಿ ಪೂಜೆ ಮಾಡಿದಳು. ವೀರೇಶ ಕಾರ್ಡಿನ ಪೆಟ್ಟಿಗೆಯನ್ನೂ ತಂದು ಮಷಿನ್ನುಗಳ ಸಾಲಿನಲ್ಲಿಟ್ಟ. ಅಕ್ಕ ನಗುತ್ತಾ ಅದಕ್ಕೂ ಕುಂಕುಮವಿಟ್ಟು ಆರತಿ ಎತ್ತಿದಳು. ನಾನು ಬಾಗಿಲ ಹತ್ತಿರ ನಿಂತು ನೋಡಿದೆ. ಭಾವ ಪೂಜೆ ಮುಗಿಸಿ, ಹೊಲಿದ ಮಾಲು ಕೊಡಲು ಬಳ್ಳಾರಿಗೆ ಹೋದರು. ಮನೆಯಲ್ಲಿ ಉಳಿದವರು ನಾವು ಮೂವರೇ.

ನಡುಮನೆಯ ಕಟಿಂಗ್ ಟೇಬಲ್ಲಿನ ಮೇಲೆ ಕಂಪ್ಯೂಟರ್ ಇಟ್ಟು ಮುಚ್ಚಳ ಬಿಚ್ಚಿದೆ. ಒಳಗೆಲ್ಲ ಜೀನ್ಸಿನ ನೀಲಿ ಹತ್ತಿ ಕೂತಿತ್ತು. ಬ್ರಷ್ಷಿನಿಂದ ತೆಗೆದು, ಹಳೇ ಕಾರ್ಡು ಬಿಚ್ಚಿ, ಹೊಸದನ್ನು ಕೂರಿಸಿದೆ. ಟಕ್ ಎಂದು ಕೂತಿತು. ವೀರೇಶ ಬರಿಗಾಲಲ್ಲಿ ಪಕ್ಕದಲ್ಲೇ ನಿಂತು, "ಸಾವಕಾಶ ಮಾರಾಯ್ತಿ, ನಿನ್ನ ಹೊಟ್ಟಿ ಉರಿಗೆ ಅದು ಸುಟ್ಟೀತು" ಎಂದ. ನಾನು ನಗಲಿಲ್ಲ. ಅವನು ಬಾಗಿ, ಟೇಬಲ್ಲಿನ ಆಚೆ ಗೋಡೆಯಲ್ಲಿದ್ದ ಸಾಕೆಟ್ಟಿಗೆ ವೈರು ಹಾಕಿ ಸ್ವಿಚ್ಚು ಒತ್ತಿದ. ಕಾರ್ಡಿನ ಫ್ಯಾನುಗಳು ತಿರುಗಿದವು, ಕೆಂಪು ದೀಪ ಹತ್ತಿತು. ಅವನು ಅಕ್ಕನನ್ನು ಕೂಗಿ ಕರೆದ. ಅಕ್ಕ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು.

ಅಷ್ಟರಲ್ಲಿ ಮೇಲಿನ ಫ್ಯಾನು ನಿಧಾನವಾಯಿತು. ಟ್ಯೂಬ್‌ಲೈಟು ಮಿಣುಕಿ ಮಂಕಾಯಿತು. ಕಾರ್ಡಿನ ಫ್ಯಾನೂ ನಿಂತಿತು. ಮೊದಲು ಪ್ಲಗ್ ಕೀಳು, ಆಮೇಲೆ ನೋಡೋಣ ಎಂದೆ. ಓಲ್ಟೇಜ್ ಬಿದ್ದಿದೆ, ವೈರು ಸಡಿಲ ಇರಬೇಕು ಎನ್ನುತ್ತಾ ಅವನು ಒಳಗೆ ಕೈ ಹಾಕಲು ಡಬ್ಬದ ಅಂಚು ಹಿಡಿದ.

ಹಿಡಿದವನು ಬಿಡಲಿಲ್ಲ.

ಅವನು ಕಿರುಚಿದ್ದರೆ ನನಗೆ ತಕ್ಷಣ ಗೊತ್ತಾಗುತ್ತಿತ್ತು. ಅವನು ಕಿರುಚಲಿಲ್ಲ. ಹಲ್ಲು ಕಚ್ಚಿಕೊಂಡಿದ್ದ, ಕತ್ತಿನ ನರ ಹಗ್ಗದ ಹಾಗೆ ಎದ್ದಿತ್ತು, ಗಂಟಲಿನಿಂದ ಸಣ್ಣದೊಂದು ಗುರ್ ಎನ್ನುವ ಸದ್ದು ಬರುತ್ತಿತ್ತು. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಆಮೇಲೆ ಅವನ ಕಣ್ಣು ನೋಡಿದೆ. ಅವು ನನ್ನನ್ನೇ ನೋಡುತ್ತಿದ್ದವು. ನಾನು ಅವನ ತೋಳು ಹಿಡಿದು ಎಳೆಯಲು ಕೈ ಚಾಚಿದೆ. ಕರೆಂಟು ಹಿಡಿದವರನ್ನು ಮುಟ್ಟಬಾರದು ಎಂದು ಹೈಸ್ಕೂಲಿನಲ್ಲೇ ಓದಿದ್ದವಳು. ಆ ಹೊತ್ತಿಗೆ ಓದಿದ್ದು ಯಾವುದೂ ತಲೆಯಲ್ಲಿರಲಿಲ್ಲ.

ನನ್ನ ಬೆರಳು ಅವನಿಗೆ ತಾಗಲು ಒಂದು ಗೇಣು ಉಳಿದಿತ್ತೋ ಏನೋ. ಹಿಂದಿನಿಂದ ನನ್ನ ಜಡೆ ಬುಡಸಮೇತ ಕಿತ್ತುಬರುವ ಹಾಗೆ ಜಗ್ಗಿತು. "ಮುಟ್ಬ್ಯಾಡ ಕಣೇ!" ಎಂಬ ಕೂಗು. ರಾಯದುರ್ಗದ ಮಾತಲ್ಲ, ನಮ್ಮೂರಿನದು. ನಾನು ಹಿಂದಕ್ಕೆ ಹಾರಿ ಪ್ಯಾಂಟಿನ ಬಂಡಲುಗಳ ಮೇಲೆ ಬಿದ್ದೆ.

ಅಕ್ಕ ಆಗಲೇ, ಕರೆಂಟು ತನ್ನ ಮೈಗೆ ಹರಿಯದಿರಲೆಂದು, ಒಂದು ಬಂಡಲನ್ನು ನೆಲಕ್ಕೆಳೆದು ಅದರ ಮೇಲೆ ಹತ್ತಿದ್ದಳು. ಮಷಿನ್ನಿನ ಪಕ್ಕ ಸೊಂಟದ ಪಟ್ಟಿಯ ಸುರುಳಿ ಇತ್ತು. ಪಟ್ಟಿಯನ್ನು ಮೊದಲು ಮಾರುಗಟ್ಟಲೆ ಉದ್ದಕ್ಕೆ ಹೊಲಿದು ಆಮೇಲೆ ಸೊಂಟದ ಅಳತೆಗೆ ಕತ್ತರಿಸುತ್ತಾರೆ. ಕತ್ತರಿಸದ ಆ ಪಟ್ಟಿಯನ್ನು ಅವನ ತಲೆಯ ಮೇಲಿಂದ ಎಸೆದು, ಎದೆಗೆ ಸುತ್ತುಹಾಕಿ, ಎರಡೂ ತುದಿ ಹಿಡಿದು ಜಗ್ಗಿದಳು. ಮೊದಲ ಸಲ ಅವನು ಅಲುಗಲಿಲ್ಲ. ಎರಡನೇ ಸಲ ಮೈಯನ್ನೆಲ್ಲ ಹಿಂದಕ್ಕೆ ಚೆಲ್ಲಿ ಜಗ್ಗಿದಾಗ ಅವನು ಡಬ್ಬದ ಸಮೇತ ಉರುಳಿದ. ಪ್ಲಗ್ ಕಿತ್ತು ಬಂತು. ಕೈ ಬಿಟ್ಟಿತು.

ಆಮೇಲಿನದು ನನಗೆ ತುಂಡುತುಂಡಾಗಿ ನೆನಪಿದೆ. ಅಕ್ಕ ಅವನ ಎದೆ ಉಜ್ಜುತ್ತಾ, "ವೀರೇಶಪ್ಪಾ, ನನ್ನ ನೋಡು, ನನ್ನ ನೋಡು" ಎನ್ನುತ್ತಿದ್ದದ್ದು. ಅವನು ಒಂದು ಸಲ ಜೋರಾಗಿ ಉಸಿರೆಳೆದದ್ದು. ನಾನು ಬೀದಿಗೆ ಓಡಿ ಮಾತು ಹೊರಡದೆ ಬರೀ ಕೈ ಬೀಸಿದ್ದು. ಎದುರು ಮನೆಯವರ ಆಟೋದಲ್ಲಿ ಅವನನ್ನು ಆಸ್ಪತ್ರೆಗೆ ಕರೆದೊಯ್ದೆವು. ಅಂಗೈ ಆಳವಾಗಿ ಸುಟ್ಟಿತ್ತು. ಎದೆಬಡಿತ ಪರೀಕ್ಷೆ ಮಾಡಿ ಡಾಕ್ಟರು, ಅಪಾಯ ದಾಟಿದೆ, ಆದರೂ ಸಂಜೆವರೆಗೆ ಇಲ್ಲೇ ಇರಲಿ ಎಂದರು. ಬಳ್ಳಾರಿಯಿಂದ ಓಡಿಬಂದ ಭಾವ ಮೊದಲು ಮನೆಗೆ ಹೋಗಿ ಹಿತ್ತಲು ನೋಡಿದರಂತೆ. ಗುಂಡಿಯ ಮಣ್ಣು ಬಿರುಕು ಬಿಟ್ಟಿತ್ತಂತೆ. ನೆಲದೊಳಗೆ ಹೋಗಲಾಗದ ಕರೆಂಟು ಸಾಕೆಟ್ಟಿನ ಮೂರನೇ ತೂತಿನಿಂದ ಡಬ್ಬದ ಮೈಗೆ ಬಂದಿತ್ತು. ಕೆಳಗೆ ಒರೆಸಿದ ನೆಲ, ಬರಿಗಾಲು. ಮಾರನೇ ದಿನವೇ ಗುಂಡಿಯ ತಂತಿ ಕೀಳಿಸಿದರು. ಬೀದಿಯವರೆಲ್ಲ ಸೇರಿ ಕರೆಂಟು ಆಫೀಸಿಗೆ ಬರೆದುಕೊಟ್ಟು ಲೈನಿನ ತಂತಿಯನ್ನೇ ಹೊಸದು ಮಾಡಿಸಿದರು.

ಆದರೆ ನಾನು ಹೇಳಬೇಕೆಂದಿರುವುದು ಆ ಸಂಜೆ ಆಸ್ಪತ್ರೆಯಲ್ಲಿ ನಡೆದ ಮಾತು. ವೀರೇಶ ಕೈಗೆ ಬ್ಯಾಂಡೇಜು ಸುತ್ತಿಸಿಕೊಂಡು ಮಲಗಿದ್ದ. ಅಕ್ಕ ಮೋಸಂಬಿ ಸುಲಿಯುತ್ತಿದ್ದಳು. ನಾನು ಕಾಲ ಬಳಿ ಕೂತಿದ್ದೆ. ಅವನು ಮೆಲ್ಲಗೆ ಹೇಳಿದ:

"ಅತ್ತಿಗಿ, ನನಗ ಎಲ್ಲಾ ಕಾಣತಿತ್ತು. ನಾ ಹಿಡ್ಕೊಂಡು ಸಾಯಾಕ ಹತ್ತಿದ್ದೆ. ನೀ ಮೊದಲ ಅಕೀನ ಎಳದಿ."

ಅಕ್ಕ ತಲೆಯೆತ್ತಲಿಲ್ಲ. "ಅಕೀ ನಿನ್ನ ಮುಟ್ಟಿದ್ರ ಇಬ್ರೂ ಹೋಗ್ತಿದ್ರಿ. ನನಗ ಇರೋವು ಎರಡ ಕೈ" ಎಂದು ಅವನ ಬಾಯಿಗೆ ಒಂದು ತೊಳೆ ಇಟ್ಟಳು.

ಅವನು ಅಗಿಯುತ್ತಾ ಗೋಡೆಯ ಕಡೆ ತಿರುಗಿದ. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಅಕ್ಕನ ಮದುವೆಯಾದಾಗಿನಿಂದ ನಾನು ಹೊತ್ತುಕೊಂಡಿದ್ದ ಹೊಟ್ಟೆಕಿಚ್ಚಿನ ಮುಖ ಅದೇ.

ಈಗ ಅವನು ಚೆನ್ನಾಗಿದ್ದಾನೆ. ಕಾರ್ಡಿನ ಮೂಲೆ ಮುರಿದಿತ್ತು, ರಿಪೇರಿ ಮಾಡಿಸಿ ಅದರಲ್ಲೇ ಆಡುತ್ತಾನೆ. ನಾನಿನ್ನೂ ಅಪ್‌ಗ್ರೇಡ್ ಮಾಡಿಲ್ಲ. ಪವರ್ ಸಪ್ಲೈ ತಂದಿದ್ದೇನೆ, ಆದರೆ ಡಬ್ಬದೊಳಗೆ ಕೈ ಹಾಕಲು ಹೋದರೆ, ಪ್ಲಗ್ ಕಿತ್ತಿದ್ದರೂ, ಬೆರಳು ಮಡಚಿಕೊಳ್ಳುತ್ತದೆ. ಬಸ್ಸಿನಲ್ಲಿ ಕೂತಾಗ, ಊಟ ಮಾಡುವಾಗ, ಆ ಒಂದು ಗೇಣು ಜಾಗ ಕಣ್ಣ ಮುಂದೆ ಬರುತ್ತದೆ. ಅವನ ಕಣ್ಣು, ಆ ಗುರ್ ಸದ್ದು. ಅದರ ಹಿಂದೆಯೇ ಜಡೆ ಜಗ್ಗಿದ್ದು.

ಅಕ್ಕ ಮಾಡಿದ್ದು ವಿವೇಕದ ಕೆಲಸ ಎಂದು ನನಗೆ ಗೊತ್ತು. ಬುದ್ಧಿಯಿದ್ದವರು ಯಾರಾದರೂ ಹಾಗೆಯೇ ಮಾಡಬೇಕು. ಆದರೆ ಆ ಗಳಿಗೆಯಲ್ಲಿ ಅವಳು ಯೋಚಿಸಿ ಮಾಡಿದಳೆಂದು ನನಗೆ ಅನಿಸುವುದಿಲ್ಲ. ನಾನು ಹಾಗೆ ಅಂದುಕೊಳ್ಳಲು ಒಪ್ಪುವುದೂ ಇಲ್ಲ. ಯೋಚಿಸುವ ಮೊದಲೇ ಅವಳ ಕೈ ತಂಗಿಯ ಕಡೆ ಹೋಗಿತ್ತು. ನನ್ನನ್ನು ಎಳೆಯಲು ಅವಳು ಕಳೆದ ಆ ಒಂದೆರಡು ಕ್ಷಣ ಅವನ ಪಾಲಿನದು. ಅಷ್ಟರಲ್ಲಿ ಅವನ ಉಸಿರು ನಿಂತಿದ್ದರೆ ಎಂದು ನೆನೆದರೆ ಈಗಲೂ ಮೈ ತಣ್ಣಗಾಗುತ್ತದೆ. ಆದರೂ ಆ ಕ್ಷಣವನ್ನು ಅವನಿಗೆ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.